ಕೀಮೋ ಬಾಯಿಹುಣ್ಣಿಗೆ ಅರಿಶಿನ, ಲೋಳೆಸರ: ಈ ಗೊಂದಲ ಶುರುವಾಗಿದ್ದು ಎಲ್ಲಿಂದ?

ಕೀಮೋ ಶುರುವಾದ ಮನೆಗೆ ಸಲಹೆಗಳ ಬರ ಇರುವುದಿಲ್ಲ. ಅರಿಶಿನದ ನೀರಲ್ಲಿ ಬಾಯಿ ಮುಕ್ಕಳಿಸಿ ಅಂತ ಒಬ್ಬರು, ಲೋಳೆಸರದ ರಸ ಕುಡಿಸಿ ಅಂತ ಇನ್ನೊಬ್ಬರು, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ ಅಂತ ಮತ್ತೊಬ್ಬರು. ಡಾಕ್ಟರನ್ನು ಕೇಳಿದರೆ ಪುರಾವೆ ಸಾಲದು ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ಮಾತ್ರ ಅದೇ ವಿಷಯ "ವಿಜ್ಞಾನದಿಂದ ಸಾಬೀತು" ಅಂತ ಓಡಾಡುತ್ತಿರುತ್ತದೆ. ವಿಚಿತ್ರ ಏನೆಂದರೆ ಎರಡೂ ಪೂರ್ತಿ ಸುಳ್ಳಲ್ಲ.

ಮೊದಲು ಒಂದು ವಿಷಯ. ಇದು ಮೈ ಉಷ್ಣವಾಗಿ ಬರುವ ಹುಣ್ಣಲ್ಲ. ಬಾಯಿಯ ಒಳಪದರದ ಕೋಶಗಳು ಒಂದೆರಡು ವಾರಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತವೆ. ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನು ಹೊಡೆಯುವುದೇ ಕೀಮೋ ಔಷಧಿಯ ಕೆಲಸ, ಅದಕ್ಕೆ ಕ್ಯಾನ್ಸರ್ ಯಾವುದು, ತುಟಿಯ ಒಳಭಾಗ ಯಾವುದು ಅಂತ ಗೊತ್ತಾಗುವುದಿಲ್ಲ. ಔಷಧಿ ಕೊಟ್ಟ ಒಂದು ವಾರದ ಆಸುಪಾಸಿನಲ್ಲಿ ಬಾಯಿ ಕೆಂಪಾಗಿ ಉರಿಯಲು ಶುರುವಾಗುತ್ತದೆ. ಜಾಸ್ತಿಯಾದರೆ ಗಂಜಿ ನುಂಗುವುದೂ ಕಷ್ಟ. ಬಿಳಿ ರಕ್ತಕಣ ಕಡಿಮೆಯಿರುವ ಹೊತ್ತಲ್ಲಿ ಆ ಹುಣ್ಣಿನಿಂದಲೇ ಸೋಂಕು ರಕ್ತಕ್ಕೆ ಇಳಿಯಬಹುದು.

ಈ ಕಥೆ ಕೀಮೋದಷ್ಟೇ ಹಳೆಯದು. 1948ರಲ್ಲಿ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಅಮಿನೊಪ್ಟೆರಿನ್ ಅನ್ನುವ ಮೊದಮೊದಲ ಕೀಮೋ ಔಷಧಿ ಕೊಟ್ಟಾಗಲೇ ಬಾಯಿಹುಣ್ಣು ಕಾಣಿಸಿಕೊಂಡಿತ್ತು. (ಆ ಔಷಧಿ ಬಂದದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮುಖ್ಯಸ್ಥರಾಗಿದ್ದ ಪ್ರಯೋಗಾಲಯದಿಂದ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಇನ್ನಷ್ಟು ಜೋರಾಗಿ ಇರಬೇಕಿತ್ತು.) 1957ರಲ್ಲಿ 5-ಎಫ್‌ಯು (5-ಫ್ಲೋರೋಯುರಾಸಿಲ್) ಅನ್ನುವ ಕೀಮೋ ಔಷಧಿ ಬಂತು, ಹುಣ್ಣು ಇನ್ನೂ ಹೆಚ್ಚು ಜನರಿಗೆ ಪರಿಚಯವಾಯಿತು. ಆಮೇಲಿನ ಮೂರು ದಶಕ ಉಪ್ಪುನೀರು, ಸೋಡಾ, ನೋವಿನ ಜೆಲ್ಲು, ಅಷ್ಟೇ.

1991ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ತೀರಾ ಸರಳ ಉಪಾಯ ಹೇಳಿತು: ಐಸ್. 5-ಎಫ್‌ಯು ಇಂಜೆಕ್ಷನ್‌ಗೆ 5 ನಿಮಿಷ ಮೊದಲು ಐಸ್ ಚೂರು ಬಾಯಿಗೆ ಹಾಕಿಕೊಂಡು, ಕರಗಿದಂತೆಲ್ಲ ಹೊಸದು ಹಾಕುತ್ತಾ ಅರ್ಧ ಗಂಟೆ ಇರಬೇಕು. ತಂಪಿಗೆ ಬಾಯಿಯ ರಕ್ತನಾಳ ಕುಗ್ಗುತ್ತವೆ. ಈ ಔಷಧಿ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಹಾಗಾಗಿ ಬಾಯಿಗೆ ತಲುಪುವುದು ಕಡಿಮೆಯಾಗುತ್ತದೆ. ಹುಣ್ಣಿನ ಕಾಟ ಸುಮಾರು ಅರ್ಧಕ್ಕೆ ಇಳಿಯಿತು. ಖರ್ಚು ಅಂದರೆ ಫ್ರಿಜ್ಜಿನ ಕರೆಂಟು. ಇಷ್ಟು ಅಗ್ಗದ ವಿಷಯ ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ ಅನ್ನುವುದು ಬೇಸರದ ಸಂಗತಿ. ಎಲ್ಲ ಔಷಧಿಗೂ ಇದು ಆಗುವುದಿಲ್ಲ ಅನ್ನುವುದೂ ನಿಜ. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿಯ ಜೊತೆ ತಣ್ಣನೆಯದು ಮುಟ್ಟಿದರೇ ಜುಮ್ಮೆನ್ನುತ್ತದೆ.

ಗಿಡಮೂಲಿಕೆಗಳು ಸರದಿಗೆ ಬಂದದ್ದು ಇಲ್ಲಿಂದ ಮುಂದೆ. 1996ರಲ್ಲಿ ಕ್ಯಾಮೊಮೈಲ್ ಹೂವಿನ ಮೌತ್‌ವಾಶ್ ಅನ್ನು 164 ಜನರ ಮೇಲೆ ಪರೀಕ್ಷಿಸಿದರು. ಲಾಭ ಕಾಣಲಿಲ್ಲ. ಆದರೆ ಅಲ್ಲಿ ಎಲ್ಲರಿಗೂ ಐಸ್ ಕೊಟ್ಟಿದ್ದರು. ಐಸ್ ಈಗಾಗಲೇ ಅರ್ಧ ಕೆಲಸ ಮುಗಿಸಿದ ಮೇಲೆ ಹೂವಿಗೆ ಉಳಿದದ್ದೆಷ್ಟು?

2004ರ ಹೊತ್ತಿಗೆ ಸ್ಟೀಫನ್ ಸೋನಿಸ್ ಅನ್ನುವ ಅಮೆರಿಕದ ಸಂಶೋಧಕರು ಈ ಹುಣ್ಣು ಐದು ಹಂತಗಳಲ್ಲಿ ಬೆಳೆಯುತ್ತದೆ ಅಂತ ವಿವರಿಸಿದರು. ಹುಣ್ಣು ಕಣ್ಣಿಗೆ ಕಾಣುವ ಮೊದಲೇ ಪದರದ ಕೆಳಗೆ ಉರಿಯೂತದ ಸರಪಳಿ ಶುರುವಾಗಿರುತ್ತದೆ. ಉರಿಯೂತ ತಗ್ಗಿಸುವ ಏನನ್ನಾದರೂ ಪ್ರಯತ್ನಿಸಬಹುದು ಅಂತಾಯಿತು, ಬಾಗಿಲು ತೆರೆಯಿತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶ ಲ್ಯಾಬ್‌ನಲ್ಲಿ ಅದೇ ಸರಪಳಿಯನ್ನು ತಡೆಯುತ್ತಿತ್ತು.

ನಮ್ಮ ಮಂಗಳೂರಿನಿಂದಲೂ ಒಂದು ಅಧ್ಯಯನ ಬಂತು, 2014ರಲ್ಲಿ ಪ್ರಕಟವಾಯಿತು. ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಶನ್ ಪಡೆಯುತ್ತಿದ್ದ 80 ಜನ. ಅರ್ಧ ಜನರಿಗೆ ಅರಿಶಿನದ ನೀರು, ಉಳಿದವರಿಗೆ ಪೊವಿಡೋನ್ ಅಯೋಡಿನ್ ಅನ್ನುವ ಕ್ರಿಮಿನಾಶಕ ಮೌತ್‌ವಾಶ್. ಅರಿಶಿನದವರಿಗೆ ಹುಣ್ಣು ತಡವಾಗಿ ಬಂತು, ತೀವ್ರತೆಯೂ ಕಡಿಮೆ. ಓದಿದರೆ ಖುಷಿಯಾಗುತ್ತದೆ. ಆದರೆ ಎರಡು ಪ್ರಶ್ನೆ ಉಳಿಯುತ್ತವೆ. ಇದು ರೇಡಿಯೇಶನ್ ಹುಣ್ಣು, ಬರೀ ಕೀಮೋ ಹುಣ್ಣಲ್ಲ. ಮತ್ತೆ, ಅರಿಶಿನ ಒಳ್ಳೆಯದು ಮಾಡಿತೋ, ಅಯೋಡಿನ್ ಅಷ್ಟಕ್ಕಷ್ಟೇ ಇತ್ತೋ? ಸಾದಾ ನೀರಿನ ಗುಂಪು ಒಂದಿದ್ದಿದ್ದರೆ ಗೊತ್ತಾಗುತ್ತಿತ್ತು.

ಈ "ಯಾವುದಕ್ಕೆ ಹೋಲಿಸಿದ್ದು" ಅನ್ನುವ ತೊಡಕು ಎಲ್ಲ ಕಡೆ ಇದೆ. ಜೇನುತುಪ್ಪವೇನೂ ಗಿಡದ ಸಾರ ಅಲ್ಲ, ಆದರೂ ಸಲಹೆಗಳ ಪಟ್ಟಿಯಲ್ಲಿ ಸದಾ ಇರುತ್ತದೆ. 2003ರಲ್ಲಿ ಮಲೇಷ್ಯಾದಲ್ಲಿ 40 ಜನರ ಮೇಲೆ ಜೇನು ಪರೀಕ್ಷಿಸಿದಾಗ ಅದ್ಭುತ ಫಲಿತಾಂಶ. ಮ್ಯಾಂಚೆಸ್ಟರ್‌ನಲ್ಲಿ 131 ಜನರಿಗೆ ಮನುಕಾ ಜೇನನ್ನು ಸಕ್ಕರೆ ಪಾಕದ ಎದುರು ಇಟ್ಟರು, ವ್ಯತ್ಯಾಸವೇ ಇಲ್ಲ.

ಆರ್ನಿಕಾ, ಕ್ಯಾಲೆಂಡುಲಾದಂಥ ಗಿಡಗಳಿರುವ ಟ್ರಾಮೀಲ್ ಅನ್ನೋ ಹೋಮಿಯೋಪತಿ ಮಿಶ್ರಣದ ಕಥೆಯೂ ಹೀಗೇ. 2001ರಲ್ಲಿ ಇಸ್ರೇಲ್‌ನಲ್ಲಿ ಮೂಳೆ ಮಜ್ಜೆ ಕಸಿಯಾದ 32 ಜನರಲ್ಲಿ ಗೆದ್ದಿತು. 2012ರಲ್ಲಿ 195 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ಗೆದ್ದ ಸುದ್ದಿ ಮಾತ್ರ ಇನ್ನೂ ಫಾರ್ವರ್ಡ್ ಆಗುತ್ತಲೇ ಇದೆ.

ಜಪಾನಿನವರು ಸ್ವಲ್ಪ ಶಿಸ್ತಾಗಿ ಹೋದರು. ಶುಂಠಿ, ಜ್ಯೇಷ್ಠಮಧು ಸೇರಿ ಏಳು ಮೂಲಿಕೆಗಳ ಹಂಗೆಶಾಶಿಂತೊ ಅನ್ನುವ ಸಾಂಪ್ರದಾಯಿಕ ಔಷಧಿಯನ್ನು ಕರುಳಿನ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿದ್ದವರಿಗೆ ಕೊಟ್ಟು, ಡಮ್ಮಿ ಔಷಧಿಯ ಜೊತೆ ಹೋಲಿಸಿದರು. 2015ರಲ್ಲಿ ಬಂದ ಉತ್ತರ: ಹುಣ್ಣು ಬರುವುದು ನಿಲ್ಲಲಿಲ್ಲ, ಆದರೆ ಬೇಗ ವಾಸಿಯಾಯಿತು. ನನಗೆ ಹೆಚ್ಚು ನಂಬಿಕೆ ಹುಟ್ಟುವುದು ಇಂಥ ಸಾಧಾರಣ ಉತ್ತರದ ಮೇಲೆಯೇ.

ಅಂತರರಾಷ್ಟ್ರೀಯ ತಜ್ಞರು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಐಸ್ ಇದೆ, ಲೇಸರ್ ಬೆಳಕಿನ ಚಿಕಿತ್ಸೆ ಇದೆ, ತಲೆ-ಕುತ್ತಿಗೆ ರೇಡಿಯೇಶನ್‌ನವರಿಗೆ ಜೇನನ್ನೂ ಸೂಚಿಸಿದ್ದಾರೆ. ಗಿಡದ ಸಾರಗಳ ಬಗ್ಗೆ ಹೆಚ್ಚು ಕಡಿಮೆ ಮೌನ. ಅಂದರೆ ಕೆಲಸ ಮಾಡುವುದಿಲ್ಲ ಅಂತಲ್ಲ, ಹೇಳುವಷ್ಟು ಗಟ್ಟಿ ಪರೀಕ್ಷೆ ನಡೆದಿಲ್ಲ ಅಂತ. ಅಡುಗೆಮನೆ ಡಬ್ಬಿಯಲ್ಲಿರುವ ಪುಡಿಯ ಮೇಲೆ ಕೋಟಿಗಟ್ಟಲೆ ಸುರಿದು ಯಾರಿಗೆ ಲಾಭ, ಅಲ್ವಾ?

ಅಲ್ಲಿಯವರೆಗೆ ಮುಕ್ಕಳಿಸಿ ಉಗಿಯುವುದು ಬೇರೆ, ನುಂಗುವುದು ಬೇರೆ ಅನ್ನುವುದಾದರೂ ನೆನಪಿರಲಿ. ಗ್ರೀನ್ ಟೀ ಸಾರ ಬೋರ್ಟೆಜೊಮಿಬ್ ಅನ್ನುವ ಕ್ಯಾನ್ಸರ್ ಔಷಧಿಯನ್ನೇ ಕಟ್ಟಿಹಾಕುತ್ತದೆ ಅಂತ 2009ರಲ್ಲಿ ಇಲಿಗಳಲ್ಲಿ ಕಂಡುಬಂದಿತ್ತು. ಕಷಾಯ, ಕ್ಯಾಪ್ಸೂಲ್ ಏನೇ ನುಂಗುತ್ತಿದ್ದರೂ ಸುಮ್ನೆ ಮುಚ್ಚಿಡಬೇಡಿ, ಮುಂದಿನ ಕೀಮೋಗೆ ಹೋದಾಗ ಹೆಸರು ಬರೆದುಕೊಂಡು ಹೋಗಿ ತೋರಿಸಿ. ಹಾಗೇ ನಮ್ಮ ಔಷಧಿಗೆ ಐಸ್ ಆಗುತ್ತದಾ ಅಂತಲೂ ಕೇಳಿ ಬನ್ನಿ.