ಆರ್ಕಿಡ್ ಚೀಟಿಯ ಮೇಲೆ ಅಷ್ಟುದ್ದದ ಹೆಸರು ಯಾಕೆ?

ವುಯ್ಲ್‌ಸ್ಟೆಕೆಯಾರಾ ಕ್ಯಾಂಬ್ರಿಯಾ ‘ಪ್ಲಶ್’ ಎಫ್‌ಸಿಸಿ/ಆರ್‌ಎಚ್‌ಎಸ್. ಕಡುಗೆಂಪು ಎಸಳಿನ, ಬಿಳಿ ತುಟಿಯ (ಬೇರೆ ಥರ ಇರುವ ಕೆಳಗಿನ ಎಸಳಿನ) ಮೇಲೆ ಕೆಂಪು ಚುಕ್ಕಿಗಳಿರುವ ಒಂದು ಆರ್ಕಿಡ್‌ನ ಚೀಟಿಯಲ್ಲಿ ಇಷ್ಟು ಬರೆದಿರುತ್ತದೆ. ಓದುವಷ್ಟರಲ್ಲಿ ನಾಲಿಗೆ ತಿರುಚಿಕೊಳ್ಳುತ್ತದೆ. ಆದರೆ ಇದರಲ್ಲಿ ಒಂದು ಅಕ್ಷರವೂ ಸುಮ್ನೆ ಬಂದದ್ದಲ್ಲ.

ಮನುಷ್ಯ ಬೆರೆಸಿದ ಮೊದಲ ಆರ್ಕಿಡ್ ಹೂಬಿಟ್ಟದ್ದು 1856ರಲ್ಲಿ, ಇಂಗ್ಲೆಂಡಿನ ಎಕ್ಸೆಟರ್‌ನ ವೀಚ್ ನರ್ಸರಿಯಲ್ಲಿ. ಅಲ್ಲಿನ ತೋಟಗಾರ ಜಾನ್ ಡೊಮಿನಿ ಕ್ಯಾಲಾಂತೆ ಎಂಬ ಆರ್ಕಿಡ್‌ನ ಎರಡು ಜಾತಿಯ ಗಿಡಗಳನ್ನು ಬೆರೆಸಿದ್ದರು. ಆ ಎರಡೂ ಜಾತಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ. ಹೊಸ ಗಿಡ ಕ್ಯಾಲಾಂತೆ ಡೊಮಿನಿ ಆಯಿತು. ‘ನೀವು ಸಸ್ಯಶಾಸ್ತ್ರಜ್ಞರಿಗೆ ಹುಚ್ಚು ಹಿಡಿಸುತ್ತೀರಿ’ ಅಂದರಂತೆ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲೆ. ಹಿಡಿಸಿದ್ದೂ ನಿಜ.

ಆಮೇಲೆ ನರ್ಸರಿಗಳ ನಡುವೆ ಪೈಪೋಟಿ. ಒಂದೇ ಜೋಡಿಯನ್ನು ಇಬ್ಬರು ಬೆರೆಸಿ ಎರಡು ಹೆಸರಿಟ್ಟರೆ ಕೊಳ್ಳುವವರ ಗತಿ ಏನು? ಸೇಂಟ್ ಆಲ್ಬನ್ಸ್‌ನ ಸ್ಯಾಂಡರ್ ನರ್ಸರಿ 1906ರಲ್ಲಿ ಇಂಥ ಮಿಶ್ರತಳಿಗಳ, ಅಂದರೆ ಹೈಬ್ರಿಡ್‌ಗಳ ಪಟ್ಟಿಯನ್ನೇ ಅಚ್ಚು ಹಾಕಿಸಿತು. ಯಾವುದಕ್ಕೆ ಯಾವುದನ್ನು ಬೆರೆಸಿದರೆ ಏನು ಹೆಸರು ಅನ್ನುವ ವಂಶಾವಳಿ ಅದು. 1961ರಿಂದ ಆ ಕೆಲಸ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯದು (ಚೀಟಿಯಲ್ಲಿರುವ ಆರ್‌ಎಚ್‌ಎಸ್ ಇದೇ). ಈಗ ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ.

ಹೀಗೆ ನೋಂದಾಯಿಸುವ ಹೆಸರಿಗೆ ‘ಗ್ರೆಕ್ಸ್’ ಅನ್ನುತ್ತಾರೆ. ಚೀಟಿಯಲ್ಲಿರುವ ‘ಕ್ಯಾಂಬ್ರಿಯಾ’ ಅದೇ. 1931ರಲ್ಲಿ ನೋಂದಣಿಯಾದ ಇದರ ತಂದೆತಾಯಿಗಳಲ್ಲಿ ಒಂದರ ಹೆಸರು ರುದ್ರ! ಇನ್ನೊಂದು ಕ್ಲೋನಿಯಸ್. ಇವೆರಡನ್ನು ಯಾರು, ಯಾವ ದೇಶದಲ್ಲಿ ಬೆರೆಸಿದರೂ ಹುಟ್ಟುವುದೆಲ್ಲ ಕ್ಯಾಂಬ್ರಿಯಾ. ಯಾವುದು ತಾಯಿ, ಯಾವುದು ತಂದೆ ಎಂಬುದೂ ಲೆಕ್ಕಕ್ಕಿಲ್ಲ.

ಆದರೆ ಒಂದೇ ಹೊಟ್ಟೆಯ ಮಕ್ಕಳು ಒಂದೇ ಥರ ಇರುವುದಿಲ್ಲ ಅಲ್ವಾ? ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವದರಲ್ಲಿ ಲಕ್ಷಗಟ್ಟಲೆ ಬೀಜ. 1922ರಲ್ಲಿ ಲೂಯಿಸ್ ನಡ್ಸನ್ ಸಕ್ಕರೆ ಹಾಕಿದ ಅಗರ್ (ಕಡಲಪಾಚಿಯ ಅಂಟು) ಮೇಲೆ, ಶಿಲೀಂಧ್ರದ ನೆರವಿಲ್ಲದೆ, ಅವನ್ನು ಮೊಳೆಸುವ ದಾರಿ ತೋರಿಸಿದ ಮೇಲಂತೂ ಒಡಹುಟ್ಟುಗಳ ದೊಡ್ಡ ಸಂತೆಯೇ ಶುರುವಾಯಿತು. ಅವುಗಳಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿ ಒಂಟಿ ಉದ್ಧರಣ ಚಿಹ್ನೆಯೊಳಗೆ ಹೆಸರಿಡುತ್ತಾರೆ. ‘ಪ್ಲಶ್’ ಅಂಥದ್ದು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಂ ಎಂಬ ಆರ್ಕಿಡ್‌ನ ಕುಡಿಯಿಂದ ಗಿಡ ಬೆಳೆಸುವ ವಿಧಾನ ಪ್ರಕಟಿಸಿದ ಮೇಲೆ, ಒಂದು ಗಿಡದ ತದ್ರೂಪುಗಳು ಸಾವಿರಗಟ್ಟಲೆ ಮಾರುಕಟ್ಟೆಗೆ ಬಂದವು. ಕೊನೆಯ ಅಕ್ಷರಗಳು ಪ್ರಶಸ್ತಿಯವು. ಎಫ್‌ಸಿಸಿ ಅಂದರೆ ಫಸ್ಟ್ ಕ್ಲಾಸ್ ಸರ್ಟಿಫಿಕೇಟ್, ಅತಿ ದೊಡ್ಡದು. ಅಮೆರಿಕನ್ ಆರ್ಕಿಡ್ ಸೊಸೈಟಿಯಲ್ಲಾದರೆ ಅದಕ್ಕೆ ನೂರಕ್ಕೆ 90 ಅಂಕ ಬೇಕು. ಈ ಬಿರುದು ‘ಪ್ಲಶ್’ಗೆ ಮಾತ್ರ, ಅದರ ಅಣ್ಣತಮ್ಮಂದಿರಿಗಲ್ಲ. ಮಾರುವವರು ಇದನ್ನು ಮರೆತೇಬಿಡುತ್ತಾರೆ.

ಇನ್ನು ಮೊದಲ ಪದ. ಎರಡು ಕುಲ (ಹತ್ತಿರದ ಜಾತಿಗಳ ಗುಂಪು) ಬೆರೆತರೆ ಹೆಸರುಗಳನ್ನು ಕೂಡಿಸಿದರಾಯಿತು, ಬ್ರಾಸೊಕ್ಯಾಟ್ಲಿಯಾ ಅನ್ನುವ ಹಾಗೆ. ನಾಲ್ಕೈದು ಕುಲ ಬೆರೆತರೆ ಕೂಡಿಸುವುದೆಲ್ಲಿಂದ? ಯಾರಾದರೂ ವ್ಯಕ್ತಿಯ ಹೆಸರಿಗೆ ‘ಆರಾ’ ಅಂಟಿಸುತ್ತಾರೆ. ಮೂರು ಕುಲ ಸೇರಿದಾಗಲೂ ಹಾಗೆ ಮಾಡುವುದುಂಟು. ಬೆಲ್ಜಿಯಂನ ಆರ್ಕಿಡ್ ಬೆಳೆಗಾರ ವುಯ್ಲ್‌ಸ್ಟೆಕ್ ಚೀಟಿಗೆ ಬಂದದ್ದು ಹೀಗೆ. ತೊಂದರೆ ಕೊಡುವುದೂ ಇದೇ ಪದ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಕುಲಗಳ ಗಡಿಗಳೇ ಬದಲಾದವು. ಕ್ಯಾಂಬ್ರಿಯಾದ ಮೂಲದಲ್ಲಿರುವ ಓಡೊಂಟೊಗ್ಲಾಸಮ್ ಕುಲ ಆನ್ಸಿಡಿಯಮ್‌ನೊಳಗೆ ಸೇರಿತು, ಹೀಗಾಗಿ ಕ್ಯಾಂಬ್ರಿಯಾದ ಮೊದಲ ಪದ ಈಗ ಆನ್ಸಿಡಾಪ್ಸಿಸ್. ಸಿಂಗಪುರದ ರಾಷ್ಟ್ರೀಯ ಹೂ ವಾಂಡಾ ಮಿಸ್ ಜೊಕಿಮ್ ಕೂಡ ಈಗ ಪಟ್ಟಿಯಲ್ಲಿ ಪಾಪಿಲಿಯೊನಾಂತೆ ಮಿಸ್ ಜೊಕಿಮ್. ಎರಡರಲ್ಲೂ ಗ್ರೆಕ್ಸ್ ಹೆಸರು ಅಲುಗಾಡಿಲ್ಲ. ಹಾಗಾಗಿ ಹಳೇ ಚೀಟಿ ಕಿತ್ತೆಸೆಯುವ ಗಡಿಬಿಡಿ ಬೇಡ.

ಕಿತ್ತರೆ ಕಷ್ಟ ಬೇರೆ. ಹೂ ನೋಡಿ ಹೆಸರು ಹೇಳುವುದು ಹೈಬ್ರಿಡ್‌ಗಳಲ್ಲಿ ಹೆಚ್ಚೂಕಡಿಮೆ ಆಗದ ಮಾತು. ಬೇರೆ ಬೇರೆ ತಂದೆತಾಯಿಗಳಿಗೆ ಒಂದೇ ಮುಖದ ಮಕ್ಕಳು ಬೇಕಾದಷ್ಟು. ಅಂಗಡಿಗಳಲ್ಲಂತೂ ಆನ್ಸಿಡಿಯಮ್ ಗುಂಪಿನ ಎಲ್ಲ ಮಿಶ್ರತಳಿಗಳಿಗೂ ಸಾರಾಸಗಟಾಗಿ ‘ಕ್ಯಾಂಬ್ರಿಯಾ’ ಅಂತ ಬರೆದು ಮಾರುತ್ತಾರೆ. ಚೀಟಿ ಕಳೆದ ಗಿಡಕ್ಕೆ ಬೆಳೆಗಾರರು ‘ನೋ ಐಡಿ’ (ಗುರುತಿಲ್ಲ) ಅಂತಲೇ ಬರೆದಿಡುತ್ತಾರೆ. ಅಂದಾಜಿನ ಮೇಲೆ ಹೆಸರು ಗೀಚಿದರೆ, ನಾಳೆ ಅದನ್ನು ಬೆರೆಸಿ ಹುಟ್ಟಿದ ಗಿಡದ ನೋಂದಣಿಯೂ ತಪ್ಪಾಗುತ್ತದೆ.