93 ಮಿಲಿಸೆಕೆಂಡಿನ ಸ್ಫೋಟ, ನಾಲ್ಕು ತಿಂಗಳ ಹುಡುಕಾಟ

2016ರ ಸೆಪ್ಟೆಂಬರ್ 1. ಫ್ಲಾರಿಡಾದ ಕೇಪ್ ಕೆನವೆರಲ್‌ನಲ್ಲಿ ಫಾಲ್ಕನ್ 9 ರಾಕೆಟ್‌ಗೆ ಇಂಧನ ತುಂಬುತ್ತಿದ್ದರು. ಹಾರಾಟಕ್ಕೆ ಇನ್ನೂ ಎರಡು ದಿನ ಇತ್ತು. ಅವತ್ತು ನಿಂತಲ್ಲೇ ಎಂಜಿನ್ ಉರಿಸಿ ನೋಡುವ ಪರೀಕ್ಷೆ, ಅಷ್ಟೇ. ಅದಕ್ಕೂ ಎಂಟು ನಿಮಿಷ ಮೊದಲು ರಾಕೆಟ್ ಸಿಡಿಯಿತು. ತುದಿಯಲ್ಲಿ ಕೂರಿಸಿದ್ದ ಇಸ್ರೇಲಿನ ಅಮೋಸ್-6 ಉಪಗ್ರಹವೂ ಸುಟ್ಟುಹೋಯಿತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ.

ಯಾರೋ ಗುಂಡು ಹೊಡೆದರು, ಹಾರುವ ತಟ್ಟೆ ಬಂದಿತ್ತು ಅಂತೆಲ್ಲ ಸುದ್ದಿ ಹಬ್ಬಿತು. ನನಗೆ ಬೇಜಾರಾಗುವುದು ಇದಕ್ಕೇ. ತನಿಖೆಯಲ್ಲಿ ಸಿಕ್ಕ ಕಾರಣ ಇದಕ್ಕಿಂತ ಎಷ್ಟೋ ಸ್ವಾರಸ್ಯದ್ದು.

ರಾಕೆಟ್‌ನ ಎರಡನೇ ಹಂತದಲ್ಲಿ ದ್ರವ ಆಮ್ಲಜನಕದ ಟ್ಯಾಂಕ್ ಇದೆ. ಅದರೊಳಗೇ ಹೀಲಿಯಂ ತುಂಬುವ ಸಿಲಿಂಡರ್‌ಗಳಿವೆ. ಟ್ಯಾಂಕ್ ಖಾಲಿಯಾದಂತೆ ಒತ್ತಡ ಇಳಿಯದ ಹಾಗೆ ಈ ಹೀಲಿಯಂ ಕಾಯುತ್ತದೆ. ಸಿಲಿಂಡರ್‌ನ ಒಳಪದರ ಅಲ್ಯೂಮಿನಿಯಂ. ಹೊರಗೆ ಬಿಗಿಯಾಗಿ ಸುತ್ತಿದ ಕಾರ್ಬನ್ ನಾರು. ಸೈಕಲ್ಲಿನ ಟ್ಯೂಬು, ಟೈರು ಇದ್ದ ಹಾಗೆ. ಟ್ಯೂಬು ಸುಕ್ಕಾದರೆ ಟೈರಿಗೂ ಅದಕ್ಕೂ ನಡುವೆ ಸಂದಿ ಬೀಳುತ್ತದೆ, ಅಲ್ವಾ? ಇಲ್ಲೂ ಒಳಪದರ ಸುಕ್ಕಾಗಿ ಸಂದಿ ಬಿತ್ತು. ನಾರಿನ ಮೂಲಕ ಆಮ್ಲಜನಕ ಅಲ್ಲಿಗೆ ನುಸುಳಿರಬೇಕು. ತುಂಬುತ್ತಿದ್ದ ಹೀಲಿಯಂ ಎಷ್ಟು ತಣ್ಣಗಿತ್ತೆಂದರೆ, ಆ ಆಮ್ಲಜನಕ ಹೆಪ್ಪುಗಟ್ಟಲೂ ಸಾಧ್ಯವಿತ್ತು. ಅದಕ್ಕೆ ಸುಮಾರು ಮೈನಸ್ 218 ಡಿಗ್ರಿ ಸೆಲ್ಸಿಯಸ್ ಬೇಕು! ಹೆಪ್ಪುಗಟ್ಟಿದರೆ ಅದು ಹೊರಗೆ ಬರುವುದಿಲ್ಲ. ಒಳಗಿನಿಂದ ಒತ್ತಡ ಏರುತ್ತದೆ. ಒಂದು ನಾರು ಮುರಿದರೂ, ಸ್ವಲ್ಪ ಉಜ್ಜಿದರೂ ಕಿಡಿ. ಕಾರ್ಬನ್ ಅಂದರೆ ಇದ್ದಿಲಿನ ಬಳಗವೇ ತಾನೇ? ತಿದಿ ಊದಿದರೆ ಇದ್ದಿಲು ಹೇಗೆ ಧಗಧಗಿಸುತ್ತದೆ ನೆನೆಸಿಕೊಳ್ಳಿ. ಇಲ್ಲಿ ಸುತ್ತಲೂ ಇದ್ದದ್ದು ಬರೀ ಆಮ್ಲಜನಕ.

1967ರ ಜನವರಿ 27ರಂದು ಅಮೆರಿಕದ ಅಪೊಲೊ 1 ಗಗನನೌಕೆಯಲ್ಲಿ ನಡೆದದ್ದೂ ನೆಲದ ಮೇಲಿನ ಪರೀಕ್ಷೆಯೇ. ಕ್ಯಾಬಿನ್ ತುಂಬ ಶುದ್ಧ ಆಮ್ಲಜನಕ ಇತ್ತು. ಬೆಂಕಿ ಹತ್ತಿ ಮೂವರು ಗಗನಯಾತ್ರಿಗಳು ಸತ್ತರು.

ಫಾಲ್ಕನ್ ತನಿಖೆಯ ಮುಂದಾಳು ಸ್ಪೇಸ್‌ಎಕ್ಸ್ ಕಂಪನಿಯೇ. ಸಿಡಿದ ರಾಕೆಟ್‌ನವರೇ ತನಿಖೆ ಮಾಡುವುದು ಸರಿಯೇ ಅನ್ನಿಸಬಹುದು. ಆದರೆ ನಕ್ಷೆ, ಬಿಡಿಭಾಗ, ಅಂಕಿಅಂಶ ಗೊತ್ತಿರುವುದು ಅವರಿಗೇ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಮೇಲುಸ್ತುವಾರಿ ನೋಡಿತು. ನಾಸಾ, ವಾಯುಪಡೆಯವರೂ ತಂಡದಲ್ಲಿದ್ದರು. ವಿಡಿಯೋ, ರಾಕೆಟ್‌ನ ಅಳತೆಗಳು ಎಲ್ಲ ಸೇರಿ ಸುಮಾರು 3,000 ಚಾನೆಲ್‌ಗಳ ಮಾಹಿತಿ ಜಾಲಾಡಿದರು. ಮೊದಲ ಸುಳಿವಿನಿಂದ ಎರಡನೇ ಹಂತ ನಾಶವಾಗುವವರೆಗೆ ಸಿಕ್ಕಿದ್ದು ಬರೀ 93 ಮಿಲಿಸೆಕೆಂಡು.

ಎಫ್‌ಎಎ ವರದಿ ಒಪ್ಪಿ ಲೈಸೆನ್ಸ್ ಕೊಟ್ಟ ಮೇಲೆ, 2017ರ ಜನವರಿ 14ರಂದು ಫಾಲ್ಕನ್ ಮತ್ತೆ ಹಾರಿತು. ಈ ಸಲ ಹೀಲಿಯಂ ಅಷ್ಟು ತಣ್ಣಗಿರಲಿಲ್ಲ. ಹಾರಿದ್ದು ಕ್ಯಾಲಿಫೋರ್ನಿಯಾದಿಂದ. ಫ್ಲಾರಿಡಾದ ಸುಟ್ಟ ಉಡಾವಣಾ ಕಟ್ಟೆ ಮತ್ತೆ ಕೆಲಸಕ್ಕೆ ಬರುವಷ್ಟರಲ್ಲಿ 2017ರ ಡಿಸೆಂಬರ್ ಆಗಿತ್ತು.