ಪದ ಪರಿಚಯ: ರಿಯರ್ ಸಸ್ಪೆನ್ಷನ್ ಬ್ರೇಸ್

ಮನೆಯ ಮುಂದೆ ಚಪ್ಪರ ಹಾಕುವವರು ನಾಲ್ಕು ಕಂಬ ನೆಟ್ಟು, ಮೇಲೆ ಬಿದಿರ ಗಳಗಳನ್ನು ಹಾಸಿ ಕಟ್ಟಿದ ಮೇಲೂ ಒಂದು ಕೆಲಸ ಬಾಕಿ ಉಳಿದಿರುತ್ತದೆ. ಒಂದು ಕಂಬದ ಬುಡದಿಂದ ಇನ್ನೊಂದರ ತಲೆಗೆ ಓರೆಯಾಗಿ ಒಂದು ಗಳವನ್ನು ಬಿಗಿದು ಕಟ್ಟುತ್ತಾರೆ. ಆ ಗಳ ಸೋಗೆಯ ಭಾರವನ್ನು ಹೊರುವುದಿಲ್ಲ, ನೆರಳನ್ನೂ ಕೊಡುವುದಿಲ್ಲ. ಆದರೆ ಅದಿಲ್ಲದಿದ್ದರೆ ಗಾಳಿ ಬೀಸಿದಾಗ ಚಪ್ಪರವೆಲ್ಲ ಒಂದು ಕಡೆಗೆ ವಾಲುತ್ತದೆ. ಯಂತ್ರಗಳ ಭಾಷೆಯಲ್ಲಿ ‘ಬ್ರೇಸ್’ ಎಂದರೆ ಈ ಓರೆಯಾದ ಗಳವೇ. ಈ ಇಂಗ್ಲಿಷ್ ಪದ ಲ್ಯಾಟಿನ್‌ನಲ್ಲಿ ತೋಳು ಎಂಬ ಅರ್ಥವಿದ್ದ ಪದದಿಂದ ಹುಟ್ಟಿ, ಹಳೆಯ ಫ್ರೆಂಚ್‌ನಲ್ಲಿ ‘ಎರಡು ತೋಳುಗಳು’ ಎಂಬ ಅರ್ಥ ಪಡೆದು ಬಂದದ್ದು. ಎರಡು ತೋಳು ಚಾಚಿ ಎರಡು ಕಡೆಯನ್ನೂ ಹಿಡಿದುಕೊಂಡಿರುವ ವಸ್ತು ಎಂದು ಭಾವಿಸಿಕೊಂಡರೆ ಅರ್ಥ ತಪ್ಪುವುದಿಲ್ಲ.

ಸ್ಪೋರ್ಟ್ಸ್ ಕಾರಿನ ಹಿಂಭಾಗಕ್ಕೆ ಹಾಕುವ ಸಸ್ಪೆನ್ಷನ್ ಬ್ರೇಸ್ ಎಂಬುದು ಹಿಂದಿನ ಎರಡು ಚಕ್ರಗಳ ಸಸ್ಪೆನ್ಷನ್ (ಚಕ್ರವನ್ನು ಒಡಲಿಗೆ ಜೋಡಿಸಿ, ರಸ್ತೆಯ ಕುಲುಕನ್ನು ತಾಳಿಕೊಳ್ಳುವ ವ್ಯವಸ್ಥೆ) ಕಾರಿನ ಒಡಲಿಗೆ ಬಂದು ಸೇರುವ ಜಾಗಗಳನ್ನು ಒಂದಕ್ಕೊಂದು ಬಂಧಿಸುವ ಉಕ್ಕಿನ ಅಥವಾ ಅಲ್ಯೂಮಿನಿಯಂನ ಸರಳು. ಅದನ್ನು ಹಾಕಿಸಿದರೆ ಸಸ್ಪೆನ್ಷನ್ ಗಟ್ಟಿಯಾಗುತ್ತದೆ ಎಂದು ಹಲವರು ಹೇಳುವುದುಂಟು. ಈ ಮಾತು ಸರಿಯಲ್ಲ, ಮತ್ತು ಈ ಒಂದು ತಪ್ಪಿನಿಂದಲೇ ಉಳಿದ ಗೊಂದಲಗಳೂ ಹುಟ್ಟುತ್ತವೆ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಚಕ್ರವನ್ನು ಹಿಡಿದಿರುವ ಆರ್ಮ್ ಇವೆಲ್ಲ ಚಲಿಸಲೆಂದೇ ಇರುವ ಭಾಗಗಳು. ಬ್ರೇಸ್ ಇವುಗಳ ಚಲನೆಯನ್ನು ಮುಟ್ಟುವುದೇ ಇಲ್ಲ. ಇವು ಯಾವ ಬಿಂದುಗಳಿಗೆ ತಗುಲಿಕೊಂಡಿವೆಯೋ ಆ ಬಿಂದುಗಳು ಚಲಿಸದಂತೆ ಹಿಡಿಯುವುದಷ್ಟೇ ಅದರ ಕೆಲಸ. ಬಾಗಿಲು ಸಲೀಸಾಗಿ ತಿರುಗಬೇಕಾದರೆ ಚೌಕಟ್ಟು ಅಲುಗಾಡಬಾರದಷ್ಟೆ.

ಆ ಬಿಂದುಗಳು ಏಕೆ ಚಲಿಸುತ್ತವೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಚಾಲಕನೂ ಸೇರಿ 1000 ಕಿಲೋ ತೂಗುವ ಕಾರೊಂದು ಒಳ್ಳೆಯ ಟೈರ್‌ಗಳ ಮೇಲೆ ವೇಗವಾಗಿ ತಿರುವು ತೆಗೆದುಕೊಳ್ಳುವಾಗ, ಅದರ ಮೇಲೆ ಅಡ್ಡಲಾಗಿ ಸುಮಾರು 900 ಕಿಲೋ ತೂಕಕ್ಕೆ ಸಮನಾದ ಬಲ ಬೀಳಬಹುದು. ಅದರಲ್ಲಿ ಅರ್ಧದಷ್ಟು ಹಿಂದಿನ ಚಕ್ರಗಳ ಪಾಲು, ಆ ಪಾಲಿನಲ್ಲೂ ಹೆಚ್ಚಿನದು ತಿರುವಿನ ಹೊರಮಗ್ಗುಲಿನ ಚಕ್ರದ್ದು. ಎಂದರೆ ಆ ಒಂದೇ ಟೈರು ನೆಲವನ್ನು ಮುಟ್ಟುವ ಜಾಗದಲ್ಲಿ ಸುಮಾರು 300 ಕಿಲೋ ಅಡ್ಡ ಒತ್ತಡ. ಈ ಒತ್ತಡ ನೆಲದ ಮಟ್ಟದಲ್ಲಿ ಬೀಳುತ್ತದೆ, ಚಕ್ರವನ್ನು ಹಿಡಿದಿರುವ ಆರ್ಮ್‌ಗಳೋ ಅದಕ್ಕಿಂತ ಮೇಲಿವೆ. ಹಾಗಾಗಿ ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್‌ನಲ್ಲಿ ಇಡೀ ಚಕ್ರ ಸನ್ನೆಗೋಲಿನಂತೆ ವರ್ತಿಸಿ, ಕೆಳಗಿನ ಆರ್ಮನ್ನು ಟೈರಿನ ಮೇಲೆ ಬಿದ್ದದ್ದಕ್ಕಿಂತಲೂ ಹೆಚ್ಚಿನ ಬಲದಿಂದ ಒಳಕ್ಕೆ ತಳ್ಳುತ್ತದೆ, ಮೇಲಿನ ಆರ್ಮನ್ನು ಹೊರಕ್ಕೆ ಎಳೆಯುತ್ತದೆ. ಅಷ್ಟು ಬಲವನ್ನು ಕೊನೆಗೆ ತಾಳಿಕೊಳ್ಳಬೇಕಾದದ್ದು ತಗಡನ್ನು ಮಡಿಸಿ ಬೆಸುಗೆ ಹಾಕಿ ಮಾಡಿದ ಸಬ್‌ಫ್ರೇಮಿನ (ಒಡಲಿನ ಅಡಿಗೆ ಬಿಗಿದ, ಆರ್ಮ್‌ಗಳನ್ನು ಹೊರುವ ಚೌಕಟ್ಟಿನ) ಮೇಲೆ ಆರ್ಮ್ ತಗುಲುವ ಚಿಕ್ಕ ಕಿವಿಗಳು.

ಆ ಕಿವಿಗಳು ಎಷ್ಟು ಸರಿದರೆ ತೊಂದರೆ? ಕೆಳಗಿನ ಆರ್ಮಿನ ಒಳತುದಿ ಮುಂದೊಂದು ಹಿಂದೊಂದು, ಸುಮಾರು 300 ಮಿಲಿಮೀಟರ್ ಅಂತರದ ಎರಡು ಜಾಗಗಳಲ್ಲಿ ಕೂತಿದೆ ಎಂದಿಟ್ಟುಕೊಂಡರೆ, ಅವುಗಳಲ್ಲಿ ಒಂದು ಇನ್ನೊಂದಕ್ಕಿಂತ ಒಂದೇ ಒಂದು ಮಿಲಿಮೀಟರ್ ಹೆಚ್ಚು ಸರಿದರೂ ಚಕ್ರದ ಮುಖ ಸುಮಾರು 0.2 ಡಿಗ್ರಿ ತಿರುಗುತ್ತದೆ. ಅಲೈನ್‌ಮೆಂಟ್ ಮಾಡುವವರು ‘ಟೋ’ ಎಂದು ಕರೆಯುವ ಈ ಕೋನವನ್ನು ಡಿಗ್ರಿಯ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಹೊಂದಿಸುತ್ತಾರೆ. ಇಲ್ಲಿ ತಿರುಗುತ್ತಿರುವುದು ಸ್ಟಿಯರಿಂಗ್‌ನ ಹಿಡಿತಕ್ಕೆ ಸಿಗದ ಹಿಂದಿನ ಚಕ್ರ ಎಂಬುದನ್ನು ಮರೆಯಬಾರದು. ತಿರುವಿನ ನಡುವೆ ಹೊರಮಗ್ಗುಲಿನ ಹಿಂಚಕ್ರ ಹೊರಕ್ಕೆ ಮುಖ ಮಾಡಿತೆಂದರೆ ಕಾರಿನ ಹಿಂಭಾಗ ಚಾಲಕ ಕೇಳದ ತಿರುವನ್ನು ತಾನೇ ತೆಗೆದುಕೊಂಡಂತೆ ಆಗುತ್ತದೆ. ಬ್ರೇಸ್‌ನ ಗುರಿ ಈ ಕಣ್ಣಿಗೆ ಕಾಣದ ಸರಿದಾಟವೇ.

ಇದಕ್ಕೆ ನಾನು ಕೊಡಬಹುದಾದ ಒಳ್ಳೆಯ ಉದಾಹರಣೆ ಜಪಾನಿನ ಮಾಜ್ದಾ ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ ಎಂದು ಹೆಸರಾದ ಕಾರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ, ಮೇಲ್ಛಾವಣಿ ಮಡಿಸಬಹುದಾದ ಹಗುರ ಕಾರಿಗೆ 1.6 ಲೀಟರ್ ಎಂಜಿನ್, ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದ್ದವು. ಮೇಲ್ಛಾವಣಿ ಇಲ್ಲದ ಕಾರು ಮುಚ್ಚಳ ತೆಗೆದ ಚಪ್ಪಲಿ ಡಬ್ಬಿಯಂತೆ. ಎರಡು ತುದಿ ಹಿಡಿದು ತಿರುಚಿದರೆ ತಿರುಚಿಕೊಳ್ಳುತ್ತದೆ. 1994ರ ಮಾಡೆಲ್‌ಗೆ 1.8 ಲೀಟರ್ ಎಂಜಿನ್ ಬಂದಾಗ, ಕಾರ್ಖಾನೆಯವರೇ ಮುಂದಿನ ಮತ್ತು ಹಿಂದಿನ ಸಬ್‌ಫ್ರೇಮ್‌ಗಳಿಗೆ ಬ್ರೇಸ್ ಸೇರಿಸಿದರು, ಸೀಟುಗಳ ಹಿಂದೆ ಸೀಟ್ ಬೆಲ್ಟ್‌ನ ಎರಡು ಗೂಟಗಳ ನಡುವೆ ಒಂದು ಅಡ್ಡ ಸರಳನ್ನೂ ಹಾಕಿದರು. ಪಕ್ಕದಿಂದ ಬೀಳುವ ಡಿಕ್ಕಿಯ ಹೊಸ ಸುರಕ್ಷತಾ ನಿಯಮಗಳೂ ಆ ಬದಲಾವಣೆಗೆ ಕಾರಣವಾಗಿದ್ದವು. ತಯಾರಕರೇ ಬೇಕೆಂದು ಹಾಕಿದ ಭಾಗವನ್ನು ಅದಕ್ಕೂ ಹಳೆಯ 1.6ರ ಮಾಲೀಕರು ತಂದು ತಮ್ಮ ಕಾರಿಗೆ ಜೋಡಿಸಿಕೊಳ್ಳುವ ರೂಢಿ ಬೆಳೆದದ್ದು ಸಹಜವೇ ಆಗಿದೆ.

ತಿರುವಿನಲ್ಲಿ ಎಡ, ಬಲ ಎರಡೂ ಚಕ್ರಗಳ ಅಡ್ಡಬಲ ತಿರುವಿನ ಒಳಗಡೆಗೆ, ಎಂದರೆ ಒಂದೇ ದಿಕ್ಕಿಗೆ, ಇರುತ್ತದೆ. ಹೀಗಿರುವಾಗ ಎರಡನ್ನೂ ಜೋಡಿಸಿ ಪ್ರಯೋಜನವೇನು ಎಂದು ಕೇಳಬಹುದು. ಹೊರಚಕ್ರದ ಬಲ ದೊಡ್ಡದು, ಒಳಚಕ್ರದ್ದು ಚಿಕ್ಕದು. ಸರಳು ದೊಡ್ಡ ಹೊರೆಯ ಒಂದು ಪಾಲನ್ನು ಹೊರೆ ಕಡಿಮೆ ಇರುವ ಕಡೆಯ ಕಿವಿಗೆ ದಾಟಿಸುತ್ತದೆ, ಆದ್ದರಿಂದ ಒಂದೇ ಕಡೆ ಬಹಳ ಬಾಗುವ ಬದಲು ಎರಡೂ ಕಡೆ ಸ್ವಲ್ಪ ಸ್ವಲ್ಪ ಬಾಗುತ್ತವೆ. ಸರಳು ಓರೆಯಾಗಿಯೂ ಇದ್ದರೆ, ಆಯತ ಓರೆಯಾಗಿ ಜಾರದಂತೆ ತಡೆಯುವ ಚಪ್ಪರದ ಗುಣವೂ ಸೇರುತ್ತದೆ.

ಬ್ರೇಸ್‌ನ ಆಕಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಅದು ನೇರವಾಗಿರಬೇಕು. 25 ಮಿಲಿಮೀಟರ್ ಅಗಲದ, 2 ಮಿಲಿಮೀಟರ್ ಗೋಡೆಯ, ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆಯನ್ನು ಎರಡು ತುದಿಗಳಿಂದ 5000 ನ್ಯೂಟನ್, ಎಂದರೆ ಸುಮಾರು 500 ಕಿಲೋ ಬಲದಿಂದ ಅದುಮಿದರೆ ಅದು ಕುಗ್ಗುವುದು ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು ಮಾತ್ರ. ಅದೇ ಕೊಳವೆಯನ್ನು, ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಅಥವಾ ಸೈಲೆನ್ಸರ್ ಅಡ್ಡ ಬಂತೆಂದು ಬಾಗಿಸಿ, ಬಹುತೇಕ ಉದ್ದಕ್ಕೂ ನೇರ ರೇಖೆಯಿಂದ 50 ಮಿಲಿಮೀಟರ್ ಆಚೆ ಒಯ್ದರೆ, ತುದಿಗಳು ತಿರುಗಲು ಬಿಡುವು ಇರುವ ಜೋಡಣೆಯಲ್ಲಿ, ಅದೇ ಬಲಕ್ಕೆ ಅದು ಆರು ಮಿಲಿಮೀಟರಿಗೂ ಹೆಚ್ಚು ಮಣಿಯುತ್ತದೆ. ನೇರ ಸರಳಿಗಿಂತ ಸುಮಾರು ನಲವತ್ತು ಪಟ್ಟು ಮೆತ್ತಗೆ. ಕೊಳವೆ ಅದೇ, ಲೋಹ ಅದೇ, ತೂಕವೂ ಅದೇ. ಅಲ್ಯೂಮಿನಿಯಂ ಬಳಸಿದರೆ ಅದೇ ಅಳತೆಗೆ ಉಕ್ಕಿನ ಮೂರನೆಯ ಒಂದು ಭಾಗದಷ್ಟೇ ಬಿಗಿತ ಸಿಗುವುದರಿಂದ ಕೊಳವೆಯನ್ನು ದಪ್ಪ ಮಾಡಬೇಕಾಗುತ್ತದೆ. ಹೊಳಪು, ಬಣ್ಣ, ಮೇಲೆ ಕೊರೆದ ಹೆಸರು ಇವುಗಳಿಗಿಂತ ಮೊದಲು ಕೊಳ್ಳುವವರು ನೋಡಬೇಕಾದದ್ದು ಎರಡು ಬೋಲ್ಟ್‌ಗಳ ನಡುವೆ ದಾರ ಹಿಡಿದರೆ ಸರಳು ಆ ದಾರದ ಮೇಲೆಯೇ ಇದೆಯೇ ಎಂಬುದನ್ನು.

ಯಾವ ಎರಡು ಬಿಂದುಗಳನ್ನು ಜೋಡಿಸಬೇಕು ಎಂಬುದು ಸಸ್ಪೆನ್ಷನ್‌ನ ಬಗೆಯನ್ನು ಅವಲಂಬಿಸಿದೆ. ಮೇಲಿನ ಆರ್ಮ್ ಇಲ್ಲದ, ಶಾಕ್ ಅಬ್ಸಾರ್ಬರ್ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಹೊಣೆಯನ್ನೂ ಹೊರುವ ಸ್ಟ್ರಟ್ ಮಾದರಿಯಲ್ಲಿ, ಅಡ್ಡಬಲದ ಒಂದು ಪಾಲು ಸ್ಟ್ರಟ್‌ನ ತುದಿಗೇ ಹೋಗುವುದರಿಂದ ಮೇಲಿನ ಎರಡು ತುದಿಗಳನ್ನು ಜೋಡಿಸುವ ಸರಳಿಗೆ ಅರ್ಥವಿದೆ. ಮಿಯಾಟಾದಂಥ ಡಬಲ್ ವಿಶ್‌ಬೋನ್ ಕಾರಿನಲ್ಲಿ ಶಾಕ್‌ನ ಮೇಲಿನ ತುದಿಗೆ ಬರುವುದು ಬಹುಮಟ್ಟಿಗೆ ಮೇಲೆ ಕೆಳಗಿನ ಬಲ, ಅಲ್ಲಿ ಕೆಲಸ ಇರುವುದು ಕೆಳಗಿನ ಆರ್ಮ್‌ಗಳ ಬುಡದಲ್ಲಿ. ಕಣ್ಣಿಗೆ ಕಾಣುವ ಜಾಗದಲ್ಲಿ ಬ್ರೇಸ್ ಇರುವ ಕಾರೆಂದರೆ ನಿಸ್ಸಾನ್ 350ಝಡ್. ಅದರ ಡಿಕ್ಕಿಯಲ್ಲಿ ಸಾಮಾನಿನ ಜಾಗವನ್ನೇ ಅಡ್ಡಗಟ್ಟಿ ದಪ್ಪನೆಯ ಸರಳೊಂದು ಹಾದುಹೋಗುತ್ತದೆ. ಮುಂದಿನ ಪೀಳಿಗೆಯ 370ಝಡ್‌ನಲ್ಲಿ ಅದನ್ನು ಸೀಟುಗಳ ಹಿಂಬದಿಗೆ ಸರಿಸಿದರು, ಡಿಕ್ಕಿ ಬಳಕೆಗೆ ಸಿಕ್ಕಿತು.

ಬ್ರೇಸ್‌ ಅನ್ನು ಆಂಟಿ-ರೋಲ್ ಬಾರ್ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ, ಏಕೆಂದರೆ ಎರಡೂ ಎಡದಿಂದ ಬಲಕ್ಕೆ ಅಡ್ಡಲಾಗಿ ಕೂತ ಸರಳುಗಳೇ. ಆದರೆ ಆಂಟಿ-ರೋಲ್ ಬಾರ್‌ನ ತುದಿಗಳು ಚಲಿಸುವ ಭಾಗಗಳಿಗೆ ತಗುಲಿರುತ್ತವೆ. ಒಂದು ಚಕ್ರ ಮೇಲೆದ್ದರೆ ಅದು ತಿರುಚಿಕೊಂಡು ಕಾರು ವಾಲುವುದನ್ನು ತಗ್ಗಿಸುತ್ತದೆ. ಅದು ಒಂದು ಬಗೆಯ ಸ್ಪ್ರಿಂಗ್. ಹಿಂದಿನದನ್ನು ದಪ್ಪ ಮಾಡಿದರೆ ಹಿಂದಿನ ಟೈರ್‌ಗಳ ಹಿಡಿತ ಮುಂದಿನವಕ್ಕೆ ಹೋಲಿಸಿದಾಗ ಕಡಿಮೆಯಾಗಿ ಕಾರಿನ ಸ್ವಭಾವವೇ ಬದಲಾಗುತ್ತದೆ. ಬ್ರೇಸ್‌ನ ಎರಡೂ ತುದಿಗಳು ಸ್ಥಿರ ಭಾಗಗಳಿಗೆ ಬಿಗಿದಿರುತ್ತವೆ, ಕಾರು ವಾಲುವುದನ್ನು ಅದು ತಡೆಯುವುದಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಅಪಾಯಕಾರಿ. ಬಿಎಂಡಬ್ಲ್ಯುವಿನ ಇ46 ಪೀಳಿಗೆಯ ಕಾರುಗಳಲ್ಲಿ, ಎಂ3 ಕೂಡ ಸೇರಿದಂತೆ, ಹಿಂದಿನ ಸಬ್‌ಫ್ರೇಮ್ ಬಂದು ಸೇರುವ ನೆಲದ ತಗಡು ವರ್ಷಗಳ ಬಳಕೆಯಲ್ಲಿ ಬಿರುಕು ಬಿಡುವ ಸಮಸ್ಯೆ ಎಲ್ಲರಿಗೂ ತಿಳಿದದ್ದು. ಇದಕ್ಕೆ ಮದ್ದು ಬಿರುಕನ್ನು ಬೆಸೆದು ಆ ಜಾಗಕ್ಕೆ ದಪ್ಪ ಉಕ್ಕಿನ ತಟ್ಟೆಗಳನ್ನು ಬೆಸುಗೆ ಹಾಕುವುದು. ಅದು ಬಲವರ್ಧನೆ, ಬ್ರೇಸ್ ಅಲ್ಲ. ತಗಡು ಹರಿದಿರುವಾಗ, ಅಥವಾ ತುಕ್ಕು ತಿಂದಿರುವಾಗ, ಸರಳೊಂದನ್ನು ಬಿಗಿದು ಸಮಾಧಾನಪಟ್ಟುಕೊಂಡರೆ ಬಿರುಕು ಅದರಾಚೆಗೆ ಸದ್ದಿಲ್ಲದೆ ಬೆಳೆಯುತ್ತಲೇ ಇರುತ್ತದೆ.

ಹಳೆಯ ಕಾರಿನವರು ಬ್ರೇಸ್‌ಗಿಂತ ಮೊದಲು ಆರ್ಮ್‌ಗಳ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೂವತ್ತು ವರ್ಷ ಬಿಸಿಲು ಮಳೆ ಕಂಡ ರಬ್ಬರ್ ಸೀಳಿಹೋಗಿದ್ದರೆ ಅದರೊಳಗಿನ ಸರಿದಾಟ ಸಬ್‌ಫ್ರೇಮಿನ ಬಾಗುವಿಕೆಗಿಂತ ಎಷ್ಟೋ ಪಟ್ಟು ದೊಡ್ಡದು, ಬ್ರೇಸ್ ಅದನ್ನು ಮುಟ್ಟಲಾರದು. ಹಾಗೆಯೇ ಹೊಂಡ ಬಿದ್ದ ರಸ್ತೆಯಲ್ಲಿ ಸ್ಟಿಯರಿಂಗ್ ಮತ್ತು ಗಾಜಿನ ಚೌಕಟ್ಟು ನಡುಗುವುದು ಇಡೀ ಒಡಲು ತಿರುಚಿಕೊಳ್ಳುವುದರಿಂದ; ಹಿಂದಿನ ಸಬ್‌ಫ್ರೇಮಿನ ಬ್ರೇಸ್‌ನಿಂದ ಆ ನಡುಕ ಹೋಗುತ್ತದೆಂದು ನಿರೀಕ್ಷಿಸಬಾರದು.

ಜೋಡಿಸುವ ಕೆಲಸ ಚಿಕ್ಕದು, ಆದರೆ ಕ್ರಮ ಮುಖ್ಯ. ಜಾಕ್ ಮೇಲೆ ಎತ್ತಿದ ಕಾರಿನ ಒಡಲು ತುಸು ಬಾಗಿರುತ್ತದೆ. ಆಗಲೇ ಪೂರ್ತಿ ಬಿಗಿದರೆ ಆ ಬಾಗನ್ನೇ ಬ್ರೇಸ್ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಬೋಲ್ಟ್‌ಗಳನ್ನು ಕೈಬಿಗಿತಕ್ಕೆ ಬಿಟ್ಟು, ಸಮತಟ್ಟಾದ ನೆಲದಲ್ಲಿ ಕಾರಿನ ಭಾರ ನಾಲ್ಕು ಚಕ್ರಗಳ ಮೇಲೆ ನಿಂತ ಮೇಲೆ, ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚ್‌ನಿಂದ ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು. ಕೆಲವು ಬ್ರೇಸ್‌ಗಳನ್ನು ಕೂರಿಸಲು ಆರ್ಮ್‌ನ ಬೋಲ್ಟನ್ನೇ ಸಡಿಲಿಸಬೇಕಾಗುತ್ತದೆ. ಮಿಯಾಟಾದ ಹಿಂದಿನ ಕೆಳ ಆರ್ಮ್‌ನ ಒಳತುದಿಯ ಬೋಲ್ಟ್‌ಗಳಂತೆ ಅವು ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ ಹೊಂದಿಸುವ ಬೋಲ್ಟ್‌ಗಳೂ ಆಗಿದ್ದರೆ, ಬಿಚ್ಚುವ ಮೊದಲೇ ಅವು ಇದ್ದ ಜಾಗಕ್ಕೆ ಬಣ್ಣದ ಗೆರೆ ಎಳೆದುಕೊಳ್ಳಬೇಕು. ಸರಳು ಸೈಲೆನ್ಸರ್‌ಗೆ ತಾಗುತ್ತಿಲ್ಲ, ರಸ್ತೆಯ ಉಬ್ಬಿಗೆ ಉಜ್ಜುವಷ್ಟು ಕೆಳಗೆ ಇಳಿದಿಲ್ಲ, ಜಾಕ್ ಇಡುವ ಜಾಗವನ್ನು ಮುಚ್ಚಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು ಅಲೈನ್‌ಮೆಂಟ್ ನೋಡಿಸಬೇಕು. ಕೆಲವು ದಿನ ಓಡಿಸಿದ ಮೇಲೆ, ಹೊಸ ಬಣ್ಣದ ಪದರ ಅದುಮಿಕೊಂಡು ಬೋಲ್ಟ್ ಸಡಿಲಗೊಂಡಿರಬಹುದಾದ್ದರಿಂದ, ಅದೇ ವ್ರೆಂಚನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಬೇಕು.